ಗುಂಡ್ಲುಪೇಟೆ ಸೂರ್ಯಕಾಂತಿ ಹೊಲದಲ್ಲಿ ಎಂಗೇಜ್‌ಮೆಂಟ್ ಫೋಟೋಶೂಟ್: ಯಾವಾಗ ಹೋಗ್ಬೇಕು, ಯಾರನ್ನ ಕೇಳ್ಬೇಕು?

ಸರಸ್ವತಿಪುರಂ_ಹುಡುಗಿ

ಎಲ್ಲರಿಗೂ ನಮಸ್ಕಾರ. ಶ್ರಾವಣದಲ್ಲಿ ನನ್ನ ಎಂಗೇಜ್‌ಮೆಂಟ್ ಇದೆ, ಮೈಸೂರಲ್ಲೇ. ಛತ್ರದ ಬಾಗಿಲಲ್ಲಿ ಇಡೋಕೆ ಒಂದು ದೊಡ್ಡ ಫೋಟೋ, ಜೊತೆಗೆ ವಾಟ್ಸಾಪ್‌ನಲ್ಲಿ ಕಳಿಸೋ ಇನ್ವಿಟೇಷನ್ ವಿಡಿಯೋಗೆ ಒಂದಷ್ಟು ಕ್ಲಿಪ್ಸ್ ಬೇಕು. ಸ್ಟುಡಿಯೋದವ್ರು ತೋರಿಸಿದ ಜಾಗಗಳು ನಮ್ಮಿಬ್ಬರಿಗೂ ಹಿಡಿಸ್ಲಿಲ್ಲ, ಪ್ಲಾಸ್ಟಿಕ್ ಹೂವಿನ ಉಯ್ಯಾಲೆ, ಬಣ್ಣದ ಹೊಗೆ, ಬಾಡಿಗೆ ಗೌನು, ಎಲ್ಲಾರ ಆಲ್ಬಮ್‌ನಲ್ಲೂ ಅದೇ ಇರುತ್ತೆ. ಊಟಿ ಕಡೆ ಹೋಗುವಾಗ ಬೇಗೂರು ದಾಟಿದ ಮೇಲೆ ರೋಡಿನ ಪಕ್ಕ ಸೂರ್ಯಕಾಂತಿ ಕಾಣ್ತಿತ್ತಲ್ಲ, ಚಿಕ್ಕೋಳಿದ್ದಾಗಿಂದ ಕಾರಿನ ಕಿಟಕಿಯಿಂದ ಅದನ್ನ ನೋಡ್ಕೊಂಡೇ ಬೆಳೆದಿದ್ದು, ಹಾಗಾಗಿ ನಿಜವಾದ ಹೊಲದಲ್ಲೇ ತೆಗೆಸ್ಬೇಕು ಅಂತ ಆಸೆ.

ಹೂ ಸರಿಯಾಗಿ ಯಾವಾಗ ಅರಳಿರುತ್ತೆ, ಹೊಲದವರನ್ನ ಹೇಗೆ ಕೇಳೋದು, ಏನು ಕೊಡ್ಬೇಕು, ರೇಷ್ಮೆ ಸೀರೆ ಉಟ್ಕೊಂಡು ಗಿಡದ ಮಧ್ಯೆ ಹೋಗಬಹುದಾ? ಹೋಗಿ ಬಂದೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಇನ್ನೊಂದು ವಿಷ್ಯ, ಹೂ ಬರೋ ಟೈಮಲ್ಲೇ ಆಷಾಢನೂ ಬರುತ್ತೆ. "ಆಷಾಢದಲ್ಲಿ ಹುಡುಗ ಹುಡುಗಿ ಜೋಡಿಯಾಗಿ ನಿಂತು ಫೋಟೋ ತೆಗೆಸ್ಕೊಳ್ಳೋದಾ" ಅಂತ ನಮ್ಮಜ್ಜಿ ಒಪ್ತಾನೇ ಇಲ್ಲ. ಅವರ ಮನಸ್ಸು ನೋಯಿಸಿ ಮಾಡೋಕೆ ನಂಗಿಷ್ಟ ಇಲ್ಲ.

ವಿಜಯನಗರ_ಬೆಂಗ್ಳೂರು

ಜುಲೈ ಬೆಸ್ಟ್. ನಮ್ಮಣ್ಣಂದು ಅಲ್ಲೇ ಮಾಡ್ಸಿದ್ವಿ, ಸೂಪರ್ ಬಂತು. ಬೆಳಗಿನ ಜಾವ ಬೆಂಗಳೂರು ಬಿಟ್ರೆ ತಿಂಡಿ ಹೊತ್ತಿಗೆ ಗುಂಡ್ಲುಪೇಟೆ.

ತೆರಕಣಾಂಬಿ_ಹೋಬಳಿ

ಮೇಡಂ ನಮ್ದು ಗುಂಡ್ಲುಪೇಟೆ ತಾಲೂಕೇ, ಸೂರ್ಯಕಾಂತಿ ಹಾಕ್ತೀವಿ, ಚೆಂಡು ಹೂವೂ ಹಾಕ್ತೀವಿ. ಮೇಲೆ ಒಬ್ರು ಜುಲೈ ಬೆಸ್ಟ್ ಅಂದವ್ರೆ, ತಪ್ಪಲ್ಲ, ಆದ್ರೆ ಜುಲೈ ಅಂದ್ಬುಟ್ಟು ಫೋಟೋಗ್ರಾಫರ್‌ಗೆ ಅಡ್ವಾನ್ಸ್ ಕೊಟ್ಬುಡಬೇಡಿ. ಹೂವು ತಿಂಗಳು ನೋಡ್ಕೊಂಡು ಬರಲ್ಲ, ಮಳೆ ನೋಡ್ಕೊಂಡು ಬರ್ತದ. ಯುಗಾದಿ ಆದ್ಮೇಲೆ ಮುಂಗಾರಿಗೆ ಮುಂಚಿನ ಮಳೆ ಬಿದ್ದಾಗ ಉತ್ತು ಹಸನು ಮಾಡ್ಕೊಂಡಿರ್ತೀವಿ. ಭರಣಿ ಮಳೇಲಿ ಬಿತ್ತಿದೋರ ಹೊಲ ಜೂನ್ ಕೊನೇಲಿ ಇಲ್ಲ ಜುಲೈ ಮೊದಲ ವಾರ ಹೂವಾಗ್ತದ, ಕೃತ್ತಿಕೆಗೆ ಬಿತ್ತಿದೋರದ್ದು ಜುಲೈ ಮಧ್ಯ, ರೋಹಿಣಿ ತನಕ ಕಾದೋರದ್ದು ಜುಲೈ ಕೊನೆ ಆಗಸ್ಟ್ ಶುರು. ಲೆಕ್ಕ ಇಷ್ಟೇ, ಬಿತ್ತಿ ಎರಡು ತಿಂಗಳು ಸುಮಾರಿಗೆ ಹೂ, ತಳಿ ಮೇಲೆ 5 ದಿನ ಹಿಂದೆ ಮುಂದೆ. ಒಂದು ಹೊಲ ಪೂರ್ತಿ ಹಳದಿಯಾಗಿ ನಿಲ್ಲೋದು ಒಂದು ವಾರ, ಹೆಚ್ಚಂದ್ರೆ 10 ದಿನ. ಆಮೇಲೆ ಕಾಳು ಕಟ್ಟಿ ತಲೆ ಭಾರ ಆಗಿ ನೆಲ ನೋಡ್ತದ, ದಳ ಒಣಗ್ತದ. ಆಗ ಬಂದವ್ರು ರೋಡಲ್ಲಿ ನಿಂತ್ಕೊಂಡು ಎಲ್ರೀ ಹೂ ಅಂತ ನಮ್ಮನ್ನೇ ಕೇಳ್ತರ.

ಅದಕ್ಕೆ ಮೇ ತಿಂಗಳಲ್ಲೇ ಒಂದ್ಸಲ ಈ ಕಡೆ ಬನ್ನಿ. ಯಾವ ಹೊಲ ಯಾವಾಗ ಬಿತ್ತವ್ರೆ ಅಂತ ಕೇಳಿ, ರೈತರ ನಂಬರ್ ಇಸ್ಕೊಳ್ಳಿ, ಮೊಗ್ಗು ಒಡೆಯೋವಾಗ ಒಂದು ಫೋಟೋ ಕಳಿಸಿ ಅಣ್ಣ ಅಂದ್ರೆ ಕಳಿಸ್ತರ. ಒಂದೇ ಹೊಲ ನಂಬ್ಕೊಂಡಿರಬೇಡಿ, ಬಿತ್ತನೆಗೆ ಹದಿನೈದು ದಿನ ಅಂತರ ಇರೋ ಎರಡು ಹೊಲ ಗೊತ್ತು ಮಾಡ್ಕೊಂಡಿರಿ.

ಸರಸ್ವತಿಪುರಂ_ಹುಡುಗಿ

ಅಣ್ಣ ತುಂಬಾ ಥ್ಯಾಂಕ್ಸ್, ಬಿತ್ತೋವಾಗ್ಲೇ ಕೇಳಬೇಕು ಅನ್ನೋದು ಹೊಳೆದೇ ಇರ್ಲಿಲ್ಲ. ರೋಡಿನ ಪಕ್ಕದ ಹೊಲಗಳಲ್ಲಿ ಫೋಟೋಗೆ ದುಡ್ಡು ತಗೋತಾರಂತೆ ಹೌದಾ? ಅದು ಸರಿ ಅಂತಾನೇ ನಂಗನ್ಸುತ್ತೆ, ರೇಟ್ ಹೇಗೆ ಅಂತ ತಿಳ್ಕೊಳ್ಳೋಕೆ ಕೇಳ್ತಿದೀನಿ.

ಲೆನ್ಸ್_ಹಿಂದೆ

ನಾನು ಮದುವೆ ಫೋಟೋಗ್ರಾಫರ್, ಮೈಸೂರು ಚಾಮರಾಜನಗರ ಕಡೆನೇ ಜಾಸ್ತಿ ಕೆಲಸ. ರೇಟ್ ವಿಷ್ಯ ರೈತರೇ ಹೇಳ್ಲಿ, ನಾನು ಬೆಳಕಿನ ಬಗ್ಗೆ ಹೇಳ್ತೀನಿ, ಯಾಕಂದ್ರೆ ಸೂರ್ಯಕಾಂತಿ ಹೊಲದಲ್ಲಿ ಬೆಳಕು ತಪ್ಪಿದ್ರೆ ಬೇರೆ ಎಲ್ಲಾ ಇದ್ರೂ ಪ್ರಯೋಜನ ಇಲ್ಲ.

ಸುಮಾರು ಜನ ಅಂದ್ಕೊಂಡಿರೋದು ಹೂ ಇಡೀ ದಿನ ಸೂರ್ಯನ ಹಿಂದೆ ತಿರುಗುತ್ತೆ ಅಂತ. ಮೊಗ್ಗಿದ್ದಾಗ, ಗಿಡ ಬೆಳೀತಿರೋವಾಗ ತಿರುಗೋದು ನಿಜ. ಪೂರ್ತಿ ಅರಳಿ ಕಾಂಡ ಗಟ್ಟಿಯಾದ್ಮೇಲೆ ತಿರುಗೋದು ನಿಂತುಹೋಗುತ್ತೆ, ಅವೆಲ್ಲಾ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡ್ತವೆ. ಆದ್ರಿಂದ ಹೊಲ ಆರಿಸೋವಾಗ ಮೊದಲು ನೋಡಬೇಕಾದ್ದು ಅದರ ಪೂರ್ವದ ಅಂಚಲ್ಲಿ ನಿಲ್ಲೋಕೆ ಜಾಗ ಇದೆಯಾ ಅಂತ. ಬದುವೋ, ಬಂಡಿ ದಾರಿಯೋ, ಪಕ್ಕದಲ್ಲಿ ಬೀಳು ಬಿಟ್ಟಿರೋ ಜಮೀನೋ ಏನಾದ್ರೂ ಆಗುತ್ತೆ. ಪಶ್ಚಿಮದ ಕಡೆ ಮಾತ್ರ ದಾರಿ ಇರೋ ಹೊಲ ಎಷ್ಟೇ ಚೆನ್ನಾಗಿದ್ರೂ ಬಿಡಿ, ಫೋಟೋ ತುಂಬಾ ಹೂವಿನ ಬೆನ್ನೇ ಕಾಣೋದು, ಹಸಿರು ತೊಟ್ಟು ಮಾತ್ರ.

ಪೂರ್ವದ ಅಂಚಿಂದ ಪಶ್ಚಿಮಕ್ಕೆ ಕ್ಯಾಮೆರಾ ಹಿಡಿದ್ರೆ ಬೆಳಗ್ಗೆ ಹೂವಿನ ಮೇಲೂ ನಿಮ್ಮ ಮುಖದ ಮೇಲೂ ನೇರ ಬೆಳಕು ಬೀಳುತ್ತೆ, ಬಣ್ಣ ಗಾಢವಾಗಿ ಬರುತ್ತೆ. ಅದೇ ಜಾಗದಿಂದ ಸಂಜೆ ತೆಗೆದ್ರೆ ಸೂರ್ಯ ನಿಮ್ಮ ಹಿಂದೆ ಇರ್ತಾನೆ, ದಳಗಳೊಳಗಿಂದ ಬೆಳಕು ಹಾಯ್ದು ಒಂಥರಾ ದೀಪ ಹಚ್ಚಿಟ್ಟ ಹಾಗೆ ಹೊಳೀತವೆ, ಕೂದಲಿನ ಅಂಚಿಗೂ ಬಂಗಾರದ ಗೆರೆ ಬರುತ್ತೆ. ನಂಗೆ ಸಂಜೆನೇ ಇಷ್ಟ. ಆದ್ರೆ ಆ ಕಡೆ ಜುಲೈನಲ್ಲಿ ಸಂಜೆ ಮೋಡ ಕವಿಯೋದು ಸಾಮಾನ್ಯ, ಅದಕ್ಕೆ ಬೆಳಗ್ಗೆನೇ ಮುಖ್ಯ ಫೋಟೋಗಳನ್ನ ಮುಗಿಸ್ಕೊಂಡು ಸಂಜೆಯದು ಸಿಕ್ಕಿದ್ರೆ ಲಾಭ ಅಂತ ಇಟ್ಕೊಳ್ಳಿ. ಪೂರ್ತಿ ಮೋಡ ಇದ್ರೂ ಹೆದರಬೇಡಿ, ಮುಖದ ಮೇಲೆ ನೆರಳು ಬೀಳದೆ ಸಾಫ್ಟಾಗಿ ಬರುತ್ತೆ, ಹಳದಿ ಇನ್ನೂ ಚೆನ್ನಾಗಿ ಎದ್ದು ಕಾಣುತ್ತೆ.

ಇನ್ನೊಂದು, ಹೊಲದ ಒಳಗೆ ಇಳಿಯೋದೇ ಬೇಡ. ಇದನ್ನ ನಾನು ಎಲ್ಲಾ ಜೋಡಿಗಳಿಗೂ ಹೇಳ್ತೀನಿ. 85 ಅಥವಾ 135 ಎಂಎಂ ಲೆನ್ಸ್, ಇಲ್ಲಾ 70-200 ಜೂಮ್ ಹಾಕ್ಕೊಂಡು ಫೋಟೋಗ್ರಾಫರ್ ದೂರ ನಿಂತ್ರೆ ಅಂಚಲ್ಲಿ ನಿಂತ ನೀವು ಹೂವಿನ ಮಧ್ಯದಲ್ಲೇ ಇದೀರ ಅನ್ನೋ ಹಾಗೆ ಕಾಣುತ್ತೆ, ಹಿಂದಿನ ಸಾಲುಗಳೆಲ್ಲಾ ಹತ್ತಿರ ಬಂದು ಒತ್ತಾಗಿ ಕೂತ್ಕೋತವೆ. ಗಿಡಗಳು ಐದು ಆರು ಅಡಿ ಇರ್ತವೆ, ಒಳಗೆ ಹೋದ್ರೆ ಹುಡುಗಿ ಮುಳುಗೇ ಹೋಗ್ತಾಳೆ, ಬರೀ ತಲೆ ಕಾಣುತ್ತೆ. ಅಂಚಲ್ಲಿ ಒಂದು ಗಟ್ಟಿ ಸ್ಟೂಲ್ ಹಾಕಿದ್ರೆ ಮುಗೀತು, ಸೀರೆ ನೆರಿಗೆಯಲ್ಲಿ ಸ್ಟೂಲ್ ಮುಚ್ಚಿಹೋಗುತ್ತೆ.

ತೆರಕಣಾಂಬಿ_ಹೋಬಳಿ

ಈ ಸಾರ್ ಹೇಳಿದ್ದು ಕೇಳಿ ಹೊಟ್ಟೆ ತಣ್ಣಗಾಯ್ತು. ಹೊಲದೊಳಗೆ ಯಾಕೆ ಇಳೀಬೇಡಿ ಅಂತೀವಿ ಗೊತ್ತಾ, ನಾವು ಹಾಕೋ ಹೈಬ್ರಿಡ್‌ನಲ್ಲಿ ಒಂದು ಗಿಡಕ್ಕೆ ಒಂದೇ ಹೂ. ಚೆಂಡು ಹೂವಿನ ಗಿಡ ಆದ್ರೆ ಒಂದು ಕಿತ್ರೆ ಇನ್ನೊಂದು ಬರ್ತದ, ಇದು ಹಂಗಲ್ಲ, ಕಾಂಡ ಮುರಿದ್ರೆ ಆ ಗಿಡದ ಫಸಲು ಅಲ್ಲಿಗೇ ಮುಗೀತು. ಸಾಲಿಂದ ಸಾಲಿಗೆ ಎರಡು ಅಡಿ ಬಿಟ್ಟಿರ್ತೀವಿ ನಿಜ, ಆದ್ರೆ ಹೂ ಬರೋ ಹೊತ್ತಿಗೆ ಎಲೆ ಅಗಲ ಆಗಿ ದಾರಿನೇ ಇರಲ್ಲ. ಇಬ್ರು ಕೈ ಕೈ ಹಿಡ್ಕೊಂಡು ನಡೆದ್ರೆ ಅಕ್ಕಪಕ್ಕದ ಗಿಡ ವಾಲ್ತವೆ, ಅವರ ಹಿಂದೆ ಕ್ಯಾಮೆರಾದವ್ನು, ಲೈಟ್ ಹಿಡ್ಕೊಂಡವ್ನು, ಸೆರಗು ಹಾರಿಸೋಕೆ ಒಬ್ಬ. ನೋಡ್ತಾ ನೋಡ್ತಾ ಒಂದು ಪಟ್ಟೆನೇ ಮಲಗೋಯ್ತದ.

ಇನ್ನು ಹೂವಿನ ಮಧ್ಯದ ಕಪ್ಪು ಭಾಗದಲ್ಲಿ ಬೆರಳಿಂದ ಕಿತ್ತು ಕಣ್ಣು ಬಾಯಿ ಮಾಡಿ ನಗೋ ಮುಖ ಮಾಡ್ತರ, ಫೋಟೋ ತಗೊಂಡು ಹೋಯ್ತರ. ಅಲ್ಲಿ ಕಿತ್ತಿದ್ದು ಒಂದೊಂದೂ ಒಂದೊಂದು ಕಾಳು ಆಗ್ಬೇಕಾಗಿದ್ದು. ನೋಡಿದ್ರೆ ಸಂಕಟ ಆಗ್ತದ ಮೇಡಂ. ದಯವಿಟ್ಟು ಅದೊಂದು ಮಾಡ್ಬೇಡಿ, ಮಾಡೋರ ಕಂಡ್ರೆ ನೀವೇ ಹೇಳಿ.

ದುಡ್ಡಿನ ವಿಷ್ಯ: ರೋಡ್ ಪಕ್ಕ ಬೋರ್ಡ್ ಹಾಕಿರೋ ಕಡೆ ತಲೆಗೆ ಇಷ್ಟು ಅಂತ ತಗೋತರ, ಅದು ಸೆಲ್ಫಿ ತಗೊಂಡು ಹೋಗೋರಿಗೆ. ನಿಮ್ಮಂತೋರು ಕ್ಯಾಮೆರಾ, ಬಟ್ಟೆ, ನಾಲ್ಕೈದು ಜನ ಬಂದು ಅರ್ಧ ದಿನ ಇರೋದಾದ್ರೆ ಅದು ಬೇರೆ ಮಾತು, ಮುಂಚೇನೇ ಕೂತು ಮಾತಾಡಿ. ಎಷ್ಟು ಅಂತ ನಾನು ಇಲ್ಲಿ ಹೇಳಿದ್ರೆ ಎಲ್ರಿಗೂ ಅದೇ ರೇಟ್ ಆಗ್ಬುಡ್ತದ, ಹೊಲ ನೋಡಿ ಜನ ನೋಡಿ ಮಾತಾಡ್ಕೊಳ್ಳೋದು. ಆದ್ರೆ ಒಂದು ಮಾತು. ಜಮೀನು ಒಬ್ರದು ಇರ್ತದ, ವಾರಕ್ಕೆ (ಫಸಲಲ್ಲಿ ಪಾಲು ಕೊಟ್ಟು) ಇಲ್ಲ ಗುತ್ತಿಗೆಗೆ ಮಾಡೋರು ಇನ್ನೊಬ್ರು ಇರ್ತರ. ಬೀಜ ಗೊಬ್ಬರ ಹಾಕಿ ಬೆಳೆ ಮಾಡಿರೋರ ಕೈಗೇ ದುಡ್ಡು ಕೊಡಿ. ಟೀ ಅಂಗಡೀಲಿ ಯಾರೋ ನಾನು ಕೊಡಿಸ್ತೀನಿ ಅಂದ್ರೆ ಅವ್ರ ಕೈಗೆ ಕೊಟ್ಟು ಒಳಗೆ ನುಗ್ಗಬೇಡಿ.

ಜಯನಗರದ_ಅತ್ತೆ

ಪುಟ್ಟಿ, ಆಷಾಢದ ವಿಷ್ಯಕ್ಕೆ ಬರ್ತೀನಿ. ಆಷಾಢದಲ್ಲಿ ಹೊಸದಾಗಿ ಮದುವೆ ಆದ ಹೆಣ್ಣು ತವರಿಗೆ ಹೋಗೋದು, ಅತ್ತೆ ಸೊಸೆ ಒಂದೇ ಹೊಸಿಲು ತುಳೀಬಾರ್ದು ಅನ್ನೋದು, ಇದೆಲ್ಲಾ ಮದುವೆ ಆದೋರಿಗೆ. ನಿಶ್ಚಿತಾರ್ಥನೇ ಇನ್ನೂ ಆಗದವರಿಗೆ ಫೋಟೋ ತೆಗೆಸ್ಕೋಬಾರ್ದು ಅಂತ ಯಾವ ಶಾಸ್ತ್ರನೂ ಇಲ್ಲ. ನಮ್ಮನೇಲಿ ಆಷಾಢದಲ್ಲೇ ಮದುವೆ ಜವಳಿ ತೆಗೆದ್ವಿ.

ಹುಣಸೂರು_ರಸ್ತೆ

ಅಮ್ಮ ನೀವು ಹೇಳೋದು ಸರಿ ಇರಬಹುದು, ಆದ್ರೆ ಅಜ್ಜಿ ಹತ್ರ ಶಾಸ್ತ್ರ ವಾದ ಮಾಡಿ ಗೆದ್ರೆ ಏನು ಸಿಗುತ್ತೆ. ಅವ್ರ ಮನಸ್ಸಲ್ಲಿ ಇರೋದು ಮೊಮ್ಮಗಳಿಗೆ ಒಳ್ಳೇದಾಗ್ಲಿ ಅನ್ನೋದು ಅಷ್ಟೇ. ಭೀಮನ ಅಮಾವಾಸ್ಯೆಗೆ ಆಷಾಢ ಮುಗಿಯುತ್ತೆ, ಅದಾದ ಮಾರನೇ ದಿನದಿಂದ ಶ್ರಾವಣ. ಎಂಗೇಜ್‌ಮೆಂಟ್ ಶ್ರಾವಣದ ಕೊನೆ ಕಡೆ ಇದ್ರೆ ಅಮಾವಾಸ್ಯೆ ಕಳೆದ ಮೇಲೆ ತೆಗೆಸ್ಕೊಳ್ಳಿ. ಇಲ್ಲಾಂದ್ರೆ ಆಷಾಢ ಹುಟ್ಟೋ ಮುಂಚೆ, ಜ್ಯೇಷ್ಠದಲ್ಲಿ, ಬೇಗ ಬಿತ್ತಿರೋ ಹೊಲ ಹುಡುಕಿ. ಪಂಚಾಂಗ ಕೈಲಿ ಹಿಡ್ಕೊಂಡೇ ರೈತರಿಗೆ ಫೋನ್ ಮಾಡಿ, ಅಷ್ಟೇ. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಬರೋ ಜನದಿಂದ ಮೈಸೂರಿನ ಆ ಭಾಗದ ರೋಡೆಲ್ಲಾ ತುಂಬಿರುತ್ತೆ, ಅದೂ ಒಂದು ತಲೇಲಿರ್ಲಿ.

ಸರಸ್ವತಿಪುರಂ_ಹುಡುಗಿ

@ಹುಣಸೂರು_ರಸ್ತೆ ಇದು ನಂಗೆ ಹಿಡಿಸ್ತು. ಶ್ರಾವಣದ ಕೊನೇಲೇ ಇರೋದು. ಅಮಾವಾಸ್ಯೆ ಆದ್ಮೇಲೆ ಅಂದ್ರೆ ಸೂರ್ಯಕಾಂತಿ ಸಿಗುತ್ತಾ ಅನ್ನೋದೇ ಈಗ ಪ್ರಶ್ನೆ.

ತೆರಕಣಾಂಬಿ_ಹೋಬಳಿ

ರೋಹಿಣಿ ಮಳೆಗೆ ಬಿತ್ತಿರೋ ಹೊಲ ಇದ್ರೆ ಸಿಗ್ಬೋದು, ಗ್ಯಾರಂಟಿ ಇಲ್ಲ. ಆಗ ಚೆಂಡು ಹೂವಿಗೆ ಬನ್ನಿ. ಜುಲೈ ಮಧ್ಯದಿಂದ ಓಣಂ ಮುಗಿಯೋ ತನಕ ಅದು ಇದ್ದೇ ಇರ್ತದ, ಕಣ್ಣು ಹಾಯಿಸಿದಷ್ಟು ಕಿತ್ತಳೆ. ಬಣ್ಣ ತೆಗೆಯೋ ಕಂಪ್ನಿಯೋರು ಬೀಜ ಕೊಟ್ಟು ಹೂವು ವಾಪಸ್ ತಗೋತರ, ಕೆಜಿ ಲೆಕ್ಕ. ಕೋಳಿ ಮೇವಿಗೆ ಹಾಕ್ತರಂತೆ, ಮೊಟ್ಟೆ ಒಳಗಿನ ಹಳದಿ ಗಾಢ ಆಗೋಕೆ. ಗಿಡ ಮೊಣಕಾಲಿಂದ ಸೊಂಟದ ಮಟ್ಟ, ಹಂಗಾಗಿ ಫೋಟೋದಲ್ಲಿ ಸೀರೆನೂ ಕಾಣ್ತದ.

ಇದ್ರಲ್ಲಿ ನೋಡಬೇಕಾಗಿದ್ದು ಕೊಯ್ಲು ದಿನ. ಬೆಳಗ್ಗೆ ಬೆಳಗ್ಗೆ ಹೆಣ್ಣಾಳು ಬಂದು ಕುಯ್ತರ, ಮಧ್ಯಾಹ್ನಕ್ಕೆಲ್ಲಾ ಹೊಲ ಹಸಿರಾಗಿರ್ತದ. ಮತ್ತೆ ತುಂಬ್ಕೊಳ್ಳೋಕೆ ವಾರ ಮೇಲೆ ಬೇಕು. ಆದ್ರಿಂದ ಕುಯ್ಯೋ ಹಿಂದಿನ ದಿನ ಬನ್ನಿ, ಆಗ ಪೂರ್ತಿ ತುಂಬಿರ್ತದ. ಕುಯ್ಯೋವಾಗ್ಲೇ ಬಂದ್ರೆ ಆ ಹೆಂಗಸರನ್ನ ಹಿಂದೆ ನಿಲ್ಲಿಸ್ಕೊಂಡು ಫೋಟೋ ತೆಗೀಬೇಡಿ, ಮೊದಲು ಕೇಳಿ. ಕೆಲವ್ರಿಗೆ ಇಷ್ಟ ಆಗಲ್ಲ.

ಗದಗಿನ_ಮಂದಿ

ಎಲ್ಲಾರೂ ಗುಂಡ್ಲುಪೇಟಿ ಗುಂಡ್ಲುಪೇಟಿ ಅಂತೀರಿ, ನಮ್ಮ ಕಡೆನೂ ಒಮ್ಮಿ ಬರ್ರಿ. ದೇಶದಾಗ ಸೂರ್ಯಕಾಂತಿ ಬೆಳೆಯೋದ್ರಾಗ ಕರ್ನಾಟಕನ ಮುಂದ ಐತಿ, ಅದ್ರಾಗ ನಮ್ಮ ಉತ್ತರ ಕರ್ನಾಟಕದ್ದು ಭಾಳ ದೊಡ್ಡ ಪಾಲು. ನಾವು ಸೂರ್ಯಪಾನ ಅಂತೀವಿ. ಗದಗ, ಕೊಪ್ಪಳ, ಬಾಗಲಕೋಟಿ ಕಡೆ ಹಿಂಗಾರಿಗೂ ಹಾಕ್ತಾರ, ಡಿಸೆಂಬರ್ ಜನವರಿ ಸುಮಾರಿಗೆ ಎರಿ ಹೊಲದಾಗ ನೋಡ್ರಿ, ಒಂದು ಕಡೆ ಸೂರ್ಯಪಾನ, ಒಂದು ಕಡೆ ಬಿಳಿಜ್ವಾಳ, ಒಂದು ಕಡೆ ಕಡ್ಲಿ, ಮ್ಯಾಲೆ ಒಂದು ಮೋಡ ಇರಂಗಿಲ್ಲ ಆಕಾಶದಾಗ. ಜನಾನೂ ಇರಂಗಿಲ್ಲ, ಟಿಕೇಟೂ ಇಲ್ಲ. ಎಳ್ಳ ಅಮಾವಾಸಿ ದಿನ ಆದ್ರ ಮನಿ ಮಂದಿ ಎಲ್ಲಾ ಹೊಲಕ್ಕ ಹೋಗಿ ಚರಗಾ ಚೆಲ್ತೀವಿ (ಭೂಮಿತಾಯಿಗೆ ಎಡಿ ಕೊಡೋದು), ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗಿ ಕಟಗೊಂಡು. ನನ್ನ ತಂಗಿ ಲಗ್ನ ಗಟ್ಟಿಯಾದ ವರ್ಷ ಬೀಗರನ್ನೂ ಹೊಲಕ್ಕ ಕರದಿದ್ವಿ, ಅವತ್ತ ತಗದ ಫೋಟೋನ ಮನ್ಯಾಗ ಹಾಕ್ಯಾರ, ಇಳಕಲ್ ಸೀರಿ ಉಟ್ಟಾಳ, ಕೆಂಪ ಸೆರಗು ಹಳದಿ ಹೂವಿನ ಮುಂದ ಎಷ್ಟು ಚೆಂದ ಕಾಣತೈತಿ.

ಕುಸುಬಿ ಹೊಲದಾಗ ಮಾತ್ರ ಇಳೀಬ್ಯಾಡ್ರಿ. ದೂರದಿಂದ ಕೇಸರಿ ಹಳದಿ ಭಾಳ ಚೆಂದ ಕಾಣತಾವ, ಎಲಿ ತುಂಬ ಮುಳ್ಳು.

ಸರಸ್ವತಿಪುರಂ_ಹುಡುಗಿ

ಅಣ್ಣಾ ಓದ್ತಾ ಓದ್ತಾ ಈಗ್ಲೇ ಹೊರಡೋಣ ಅನ್ನಿಸ್ತು! ನಮ್ಮದು ಶ್ರಾವಣಕ್ಕೆ ಆಗೋದ್ರಿಂದ ಡಿಸೆಂಬರ್ ಆಗಲ್ಲ, ಮದುವೆ ಮಾಘದಲ್ಲಿ, ಆಗ ಮದುವೆ ಮುಂಚಿನ ಶೂಟ್‌ಗೆ ಖಂಡಿತ ಯೋಚನೆ ಮಾಡ್ತೀವಿ. ಇಳಕಲ್ ಸೀರೆ ಐಡಿಯಾ ಮಾತ್ರ ಈಗ್ಲೇ ತಗೋತೀನಿ.

ಲೆನ್ಸ್_ಹಿಂದೆ

ಸೀರೆ ಮಾತು ಬಂತಲ್ಲ. ಹಳದಿ, ಕಿತ್ತಳೆ, ಗಿಳಿಹಸಿರು ಬೇಡ, ಹೂವಿನ ಜೊತೆ ಕಲೆಸಿಹೋಗುತ್ತೆ. ಸೂರ್ಯಕಾಂತಿಗೆ ನೇರಳೆ, ಕಡುನೀಲಿ, ಮರೂನ್, ಕೆನೆ ಬಿಳಿ ಚೆನ್ನ. ಚೆಂಡು ಹೂವಿಗೆ ನವಿಲು ನೀಲಿಯಷ್ಟು ಚೆನ್ನಾಗಿ ಬೇರೆ ಯಾವುದೂ ಹೊಂದಲ್ಲ. ಹುಡುಗನಿಗೆ ಬಿಳಿ ಪಂಚೆ ಶರ್ಟ್ ಹಾಕ್ಸಿ, ಸೂಟ್ ಬೇಡ, ಹೊಲದಲ್ಲಿ ಸೂಟ್ ಹಾಕಿ ನಿಂತ್ರೆ ಬೇರೆ ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ಹಾಗಿರುತ್ತೆ.

ರೇಷ್ಮೆ ಉಡೋದಾದ್ರೆ ಸೂರ್ಯಕಾಂತಿ ಪರಾಗದ ಬಗ್ಗೆ ಜೋಪಾನ. ಹೂವಿಗೆ ಭುಜ ತಾಗಿದ್ರೆ ಸಾಕು, ಹಳದಿ ಪುಡಿ ಉದುರುತ್ತೆ. ಕೈಯಿಂದ ಉಜ್ಜಬೇಡಿ, ಒದ್ದೆ ಬಟ್ಟೆನೂ ಮುಟ್ಟಿಸ್ಬೇಡಿ, ಉಜ್ಜಿದ್ರೆ ನೇಯ್ಗೆ ಒಳಗೆ ಇಳಿದು ಕಲೆ ಆಗುತ್ತೆ. ಸೆರಗು ಕೊಡವಿ, ಉಳಿದದ್ದನ್ನ ಸೆಲ್ಲೋಟೇಪ್ ಒತ್ತಿ ಒತ್ತಿ ತೆಗೀರಿ. ಕಾಂಡ, ಎಲೆ ಎರಡರ ಮೇಲೂ ಒರಟು ರೋಮ ಇದೆ, ಬರೀ ಕೈಗೆ ಗೀರುತ್ತೆ, ಕೆಲವರಿಗೆ ಕೆರೆತ ಶುರುವಾಗುತ್ತೆ. ಹಳೇ ಮೈಸೂರು ಸಿಲ್ಕ್, ಅಜ್ಜಿ ಸೀರೆ ಅಂತೆಲ್ಲಾ ಇದ್ರೆ ಅದನ್ನ ಮನೆ ಜಗುಲಿ ಫೋಟೋಗೆ ಇಟ್ಕೊಳ್ಳಿ, ಹೊಲಕ್ಕೆ ಹತ್ತಿ ಸೀರೆನೇ ಸರಿ.

ನರ್ಸ್_ಅಕ್ಕ

ಜೇನುಹುಳ ಬಗ್ಗೆ ಯಾರೂ ಹೇಳ್ಲಿಲ್ಲ. ಅರಳಿದ ಸೂರ್ಯಕಾಂತಿ ಮೇಲೆ ಬೆಳಗ್ಗೆ ಹೊತ್ತು ತುಂಬಾ ಇರ್ತವೆ. ಅವುಗಳ ಪಾಡಿಗೆ ಬಿಟ್ರೆ ಏನೂ ಮಾಡಲ್ಲ, ಆದ್ರೆ ಸೆಂಟ್ ಹಾಕ್ಕೊಂಡು ಹೋಗ್ಬೇಡಿ, ಹೂವನ್ನ ಎಳೆದು ಮುಖದ ಹತ್ರ ತರಬೇಡಿ, ಮೊದಲು ಅದರ ಮೇಲೆ ಏನಿದೆ ನೋಡಿ. ಯಾರಿಗಾದ್ರೂ ಜೇನು ಕಡಿದ್ರೆ ಅಲರ್ಜಿ ಆಗುತ್ತೆ ಅಂತ ಗೊತ್ತಿದ್ರೆ ಡಾಕ್ಟರ್ ಕೊಟ್ಟ ಔಷಧಿ ಜೊತೇಲೇ ಇರಲಿ. ಬೆಳೆಗೆ ಯಾವಾಗ ಹುಳದ ಔಷಧಿ ಹೊಡೆದಿದ್ರಿ ಅಂತ ಹೊಲದವರನ್ನ ಕೇಳಿಕೊಂಡೇ ಹೋಗಿ.

ತೆರಕಣಾಂಬಿ_ಹೋಬಳಿ

ಹೌದು ಅಕ್ಕ. ಸೂರ್ಯಕಾಂತಿಗೆ ಹೂ ಬಿಟ್ಟಿರೋವಾಗ ನಾವು ಹೊಡೆಯಲ್ಲ, ಜೇನು ಬಂದ್ರೇನೆ ಕಾಳು ಕಟ್ಟೋದು. ಪಕ್ಕದ ಹೊಲದಲ್ಲಿ ಬೇರೆ ಬೆಳೆ ಇದ್ರೆ ಅಲ್ಲಿ ಹೊಡೆದಿರ್ತರ, ಅದಕ್ಕೆ ಕೇಳೋದು ಒಳ್ಳೇದು.

ಎಸ್ಟೇಟ್_ಮಗಳು

ಸಕಲೇಶಪುರ ಕಡೆಯಿಂದ. ನಮ್ಮಲ್ಲಿ ಕಾಫಿ ಹೂವಿಗೂ ಜೋಡಿಗಳು ಫೋನ್ ಮಾಡ್ತಾರೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ ಅರಳುತ್ತೆ, ಮೂರ್ನಾಲ್ಕು ದಿನದಲ್ಲಿ ಕಂದುಹೋಗುತ್ತೆ, ಘಮ ಅಂತೂ ಮಲ್ಲಿಗೆ ಥರಾನೇ. ಆದ್ರೆ ಆ ದಿನಗಳಲ್ಲೇ ಪರಾಗಸ್ಪರ್ಶ ಆಗ್ಬೇಕು, ಗಿಡ ಅಲ್ಲಾಡಿಸಿದ್ರೆ ವರ್ಷದ ಬೆಳೆಗೇ ಏಟು. ಅದಕ್ಕೆ ನಮ್ಮಪ್ಪ ತೋಟದ ರಸ್ತೆ ಮೇಲೆ ನಿಂತು ತೆಗೆಯೋಕೆ ಮಾತ್ರ ಒಪ್ತಾರೆ, ಸಾಲಿನೊಳಗೆ ಯಾರನ್ನೂ ಬಿಡಲ್ಲ, ನೆಂಟರನ್ನೂ. ರೈತರಣ್ಣ ಹೇಳ್ತಿರೋದು ಎಲ್ಲಾ ಬೆಳೆಗೂ ಅನ್ವಯ ಆಗುತ್ತೆ ಅಂತ ಹೇಳೋಕೆ ಇದನ್ನ ಬರೆದೆ.

ಲೈಡನ್_ಕನ್ನಡಿಗ

ನಾನಿರೋದು ನೆದರ್‌ಲ್ಯಾಂಡ್ಸ್‌ನಲ್ಲಿ, ಲಿಸ್ಸೆ ಹತ್ತಿರ. ಏಪ್ರಿಲ್ ಮಧ್ಯದಲ್ಲಿ ಇಲ್ಲಿ ಟ್ಯುಲಿಪ್ ಹೊಲಗಳಿಗೆ ಪ್ರಪಂಚದ ಜನ ಬರ್ತಾರೆ, ನಮ್ಮೋರೂ ಸೀರೆ ಉಟ್ಕೊಂಡು ಫೋಟೋಗೆ ಬರ್ತಾರೆ. ಇಲ್ಲಿ ಬೆಳೆ ಅಂದ್ರೆ ಹೂ ಅಲ್ಲ, ಮಣ್ಣೊಳಗಿನ ಗೆಡ್ಡೆ. ಗೆಡ್ಡೆ ದಪ್ಪ ಆಗ್ಲಿ ಅಂತ ಹೂವಿನ ತಲೆಗಳನ್ನ ಮಷಿನ್ ಓಡಿಸಿ ಕತ್ತರಿಸಿಬಿಡ್ತಾರೆ, ನಿನ್ನೆ ಕೆಂಪಗಿದ್ದ ಹೊಲ ಇವತ್ತು ಹಸಿರು. "ಹೆಂಗಿದ್ರೂ ಕತ್ತರಿಸ್ತಾರಲ್ಲ, ತುಳಿದ್ರೆ ಏನು" ಅಂತ ಒಳಗೆ ಇಳಿಯೋರು ಇದ್ದಾರೆ, ಆದ್ರೆ ತುಳಿದ್ರೆ ಗೆಡ್ಡೆಗೇ ಪೆಟ್ಟು, ಶೂಗೆ ಅಂಟಿದ ಮಣ್ಣಿಂದ ಒಂದು ಹೊಲದ ರೋಗ ಇನ್ನೊಂದಕ್ಕೆ ಹೋಗುತ್ತೆ ಅನ್ನೋದೂ ಬೆಳೆಗಾರರ ಚಿಂತೆ. ಕೆಲವರು ಫೋಟೋಗೆ ಅಂತಾನೇ ಬೇರೆ ಜಾಗ ಬಿಟ್ಟು ಟಿಕೆಟ್ ಇಟ್ಟಿದಾರೆ. ಗುಂಡ್ಲುಪೇಟೆ ರೈತರೂ ಅಂಚಲ್ಲಿ ಎರಡು ಸಾಲು ಖಾಲಿ ಬಿಟ್ಟು ಫೋಟೋ ಜಾಗ ಮಾಡಿದ್ರೆ ಬೆಳೆಯೂ ಉಳಿಯುತ್ತೆ, ಕೈಗೆ ಒಂದಷ್ಟು ದುಡ್ಡೂ ಬರುತ್ತೆ ಅನ್ಸುತ್ತೆ.

ತೆರಕಣಾಂಬಿ_ಹೋಬಳಿ

ಒಳ್ಳೇ ಮಾತು ಸಾರ್. ರೋಡ್ ಪಕ್ಕದೋರು ಮಾಡ್ಬೋದು. ಒಳಗಡೆ ಹೊಲದೋರಿಗೆ ಎರಡು ಸಾಲು ಅಂದ್ರೆ ಹಂಗೇ ಬಿಡೋಕೆ ಮನಸ್ಸು ಬರಲ್ಲ, ಎಣ್ಣೆಕಾಳು ರೇಟ್ ಚೆನ್ನಾಗಿರೋ ವರ್ಷ ಇನ್ನೂ ಇಲ್ಲ.

ವಿಜಯನಗರ_ಬೆಂಗ್ಳೂರು

ಡ್ರೋನ್ ಶಾಟ್ ಮಿಸ್ ಮಾಡ್ಬೇಡಿ, ಮೇಲಿಂದ ಹಳದಿ ಹೊಲ ಮಧ್ಯೆ ಇಬ್ರು ನಿಂತಿರೋದು ಅಲ್ಟಿಮೇಟ್. ಹಂಗೇ ಗೋಪಾಲಸ್ವಾಮಿ ಬೆಟ್ಟದಲ್ಲೂ ಒಂದೆರಡು ತೆಗೆದುಬಿಡಿ.

ಲೆನ್ಸ್_ಹಿಂದೆ

ಬ್ರದರ್, ಮಧ್ಯೆ ನಿಂತಿರೋದು ಬರಬೇಕು ಅಂದ್ರೆ ಮಧ್ಯಕ್ಕೆ ನಡ್ಕೊಂಡು ಹೋಗ್ಬೇಕಲ್ಲ, ಮೇಲಿಂದ ನೋಡಿದ್ರೆ ನೀವು ತುಳಿದ ದಾರಿನೂ ಕಾಣುತ್ತೆ. ಬದು ಮೇಲೆ ನಿಂತು ತೆಗೆದ್ರೆ ಎರಡು ಕಡೆ ಎರಡು ಬಣ್ಣದ ಹೊಲ ಬರುತ್ತೆ, ನಂಗೆ ಅದೇ ಚೆಂದ. ಡ್ರೋನ್ ವಿಷ್ಯ ಸೀರಿಯಸ್ಸಾಗಿ ತಗೊಳ್ಳಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಮ್‌ಗಿಂತ ಹೆಚ್ಚಿನ ಡ್ರೋನನ್ನ ದುಡ್ಡಿಗೆ ಹಾರಿಸೋರಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು, ಬುಕ್ ಮಾಡೋವಾಗ್ಲೇ ಕೇಳಿ ನೋಡಿ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಹತ್ತಿರ ಅಂತೂ ಎತ್ತಲೇಬೇಡಿ. ಗೋಪಾಲಸ್ವಾಮಿ ಬೆಟ್ಟನೂ ಅದೇ ಕಾಡಿನೊಳಗೆ ಬರುತ್ತೆ, ಖಾಸಗಿ ಗಾಡಿ ಮೇಲಕ್ಕೆ ಬಿಡಲ್ಲ, ಬುಡದಿಂದ ಕೆಎಸ್‌ಆರ್‌ಟಿಸಿ ಬಸ್ಸಲ್ಲೇ ಹೋಗ್ಬೇಕು. ದೇವರ ದರ್ಶನ ಮಾಡ್ಕೊಂಡು ಬನ್ನಿ, ಶೂಟಿಂಗ್ ಅಲ್ಲಿ ಬೇಡ.

ತೆರಕಣಾಂಬಿ_ಹೋಬಳಿ

ಕಾಡಂಚಿನ ಹೊಲಕ್ಕೆ ಕತ್ತಲಲ್ಲಿ ಬರ್ಲೇಬೇಡಿ. ಬೆಳಗಿನ ಜಾವದ ಮಂಜು ಬೇಕು ಅಂತ 5 ಗಂಟೆಗೇ ಬಂದು ಕಾರ್ ನಿಲ್ಲಿಸ್ತರ. ಆ ಹೊತ್ತಲ್ಲಿ ಆನೆ ಹಂದಿ ವಾಪಸ್ ಕಾಡಿಗೆ ಹೋಗ್ತಿರ್ತವೆ, ನಾವೇ ಅಟ್ಟಣೆ ಮೇಲಿಂದ ಬೆಳಕಾಗದೆ ಇಳಿಯಲ್ಲ. ಸೋಲಾರ್ ಬೇಲಿ ತಂತಿ ಇರ್ತದ, ಕಾಣಲ್ಲ, ಮುಟ್ಟಬೇಡಿ. ಹೊತ್ತು ಹುಟ್ಟಿ ಅರ್ಧ ಗಂಟೆ ಆದ್ಮೇಲೆ ಬನ್ನಿ. ಸಂಜೆ ಗುಡ್ಲೂರು ಇಲ್ಲ ವಯನಾಡ್ ಕಡೆ ಹೋಗೋ ಪ್ಲಾನ್ ಇದ್ರೆ ಬಂಡೀಪುರ ರೋಡ್ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಬಂದ್, ಕಾಡೊಳಗೆ ಎಲ್ಲೂ ಗಾಡಿ ನಿಲ್ಲಿಸಿ ಇಳಿಯಂಗಿಲ್ಲ.

ಭಾನುವಾರ ಬೇಡ. ಓಣಂ ಹತ್ರ ಬಂದಂಗೆ ಕೇರಳದ ಗಾಡಿಗಳು ಸಾಲು ಸಾಲು ಬರ್ತವೆ, ಹೂ ಕೊಳ್ಳೋಕೂ ನೋಡೋಕೂ. ಮಳೆ ಬಂದ ಮಾರನೇ ದಿನನೂ ಬೇಡ, ಎರೆ ಮಣ್ಣು ಚಪ್ಪಲಿಗೆ ಮುದ್ದೆ ಮುದ್ದೆ ಅಂಟ್ಕೊಂಡು ಕಾಲೇ ಎತ್ತಕ್ಕಾಗಲ್ಲ.

ಜಯನಗರದ_ಅತ್ತೆ

ಬಟ್ಟೆ ಬದಲಾಯಿಸೋದು ಎಲ್ಲಿ ಅಂತ ಯಾರೂ ಯೋಚನೆ ಮಾಡಿಲ್ಲ ನೋಡಿ. ಹೆಣ್ಣುಮಕ್ಕಳಿಗೆ ಅದೇ ಮೊದಲ ತೊಂದರೆ. ರೈತರ ಮನೇಲಿ ಹೆಂಗಸರು ಇದ್ರೆ ಮೊದಲೇ ಕೇಳಿ, ಬರಿಗೈಲಿ ಹೋಗ್ಬೇಡಿ, ಹಣ್ಣು, ಮಕ್ಕಳಿದ್ರೆ ಏನಾದ್ರೂ ತಿಂಡಿ ತಗೊಂಡು ಹೋಗಿ. ಅಮ್ಮನ್ನೋ ಅತ್ತಿಗೆನೋ ಒಬ್ರನ್ನ ಜೊತೇಲಿ ಕರ್ಕೊಂಡು ಹೋಗು ಪುಟ್ಟಿ. ನಿಮ್ಮಜ್ಜಿಗೆ ನಡೆಯೋಕೆ ಆದ್ರೆ ಅವರನ್ನೂ.

ಸರಸ್ವತಿಪುರಂ_ಹುಡುಗಿ

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಮನೇಲಿ ಕೂತು ಮಾತಾಡಿದ್ವಿ. ಭೀಮನ ಅಮಾವಾಸ್ಯೆ ಆದ ಮೇಲಿನ ವಾರ, ಮಂಗಳವಾರ ಬಿಟ್ಟು ಯಾವ್ದಾದ್ರೂ ವಾರದ ದಿನ, ಅಂತ ಅಜ್ಜಿ ಒಪ್ಪಿದ್ರು. ಚೆಂಡು ಹೂವಿನ ಹೊಲನೇ ಮುಖ್ಯ, ತಡವಾಗಿ ಬಿತ್ತಿರೋ ಸೂರ್ಯಕಾಂತಿ ಸಿಕ್ಕಿದ್ರೆ ಅದೂ. ನಂಗೆ ನವಿಲು ನೀಲಿ ಹತ್ತಿ ಸೀರೆ, ಅವ್ರಿಗೆ ಪಂಚೆ. ಡ್ರೋನ್ ಇಲ್ಲ, ಹೊಲದೊಳಗೆ ಇಳಿಯಲ್ಲ. ಮಾವಂದ್ರ ಜೊತೆ ಮುಂಚೆನೇ ಬಂದು ಹೊಲ ನೋಡ್ಕೊಂಡು ಹೋಗ್ತೀವಿ. @ತೆರಕಣಾಂಬಿ_ಹೋಬಳಿ ಅಣ್ಣ, ನಿಮ್ಮ ಹೊಲಕ್ಕೇ ಬರಬಹುದಾ? ಮೆಸೇಜ್ ಹಾಕಿದೀನಿ.

ತೆರಕಣಾಂಬಿ_ಹೋಬಳಿ

ನೋಡಿದೆ ಮೇಡಂ, ಬನ್ನಿ. ನಮ್ದು ಪೂರ್ವದ ಕಡೆ ಬಂಡಿ ದಾರಿ ಅದ, ಆ ಕ್ಯಾಮೆರಾ ಸಾರ್ ಹೇಳಿದಂಗೇನೇ. ಕೊಯ್ಲು ಯಾವತ್ತು ಅಂತ ಹಿಂದಿನ ವಾರ ಫೋನ್ ಮಾಡಿ ಹೇಳ್ತೀನಿ, ಅದಕ್ಕೆ ಒಂದು ದಿನ ಮುಂಚೆ ಇಟ್ಕೊಳ್ಳಿ. ಬಟ್ಟೆ ಬದಲಾಯಿಸೋಕೆ ಮನೆ ಅದ, ನಮ್ಮನೆಯೋರಿಗೆ ಹೇಳಿವ್ನಿ. ಅಜ್ಜಿ ಬಂದ್ರೆ ಕಾರು ಮನೆ ಬಾಗಿಲ ತನಕ ಬರ್ತದ.